ಸೋಮವಾರ ಕೆಂಪು ಬೀನ್ಸ್, ಶುಕ್ರವಾರ ಮೀನು: ನ್ಯೂ ಆರ್ಲಿಯನ್ಸ್‌ನಲ್ಲಿ ಅಗ್ಗದ ಊಟ ಹುಡುಕಿದ್ದು

ಅಮೆರಿಕದ ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್‌ಗೆ ಹೊರಟವರೆಲ್ಲ ಮೊದಲು ಕೇಳುವುದು, ಅಲ್ಲಿ ಎಲ್ಲಿ ಊಟ ಮಾಡಬೇಕು ಅಂತ. ನಾವೂ ಅದನ್ನೇ ಕೇಳಿಕೊಂಡು ಹೋದೆವು. ಊರಲ್ಲಿ ಸ್ವಲ್ಪ ಓಡಾಡಿದ ಮೇಲೆ ತಿಳಿಯಿತು, ಅಲ್ಲಿ ಕೇಳಬೇಕಾದ್ದು ಬೇರೆ: ಇವತ್ತು ಯಾವ ವಾರ, ಈಗ ಎಷ್ಟು ಗಂಟೆ? ಇವೆರಡು ಸರಿ ಇದ್ದರೆ ಅರ್ಧ ಖರ್ಚಿಗೆ ಊಟ ಆಗುತ್ತದೆ. ತಪ್ಪಿದರೆ ಅದೇ ಊಟಕ್ಕೆ ಎರಡು ಪಟ್ಟು ಕೊಟ್ಟು, ಅರ್ಧ ರುಚಿ ತಿಂದು ಬರಬೇಕು.

ನಾನು ಮಂಗಳೂರಿನವನು. ಅಕ್ಕ, ಭಾವ ಹ್ಯೂಸ್ಟನ್‌ನಲ್ಲಿದ್ದಾರೆ. ಮಾರ್ಚ್‌ನಲ್ಲಿ ಅವರ ಮನೆಗೆ ಹೋಗಿದ್ದಾಗ ಕಾರಲ್ಲಿ ನ್ಯೂ ಆರ್ಲಿಯನ್ಸ್ ನೋಡಿ ಬರುವ ಅಂತ ಮಾತಾಯಿತು. ಭಾವನ ಆಫೀಸಿನ ಗೆಳೆಯರೊಬ್ಬರು ಜೊತೆಗೆ ಬಂದರು. ದಾವಣಗೆರೆಯವರು. ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಅವರನ್ನು ಕಟ್ಟಿಕೊಂಡು ಲೂಸಿಯಾನಾಗೆ ಹೋಗುವುದು ಧೈರ್ಯದ ಕೆಲಸ. ಆದರೆ ಅವರಿಲ್ಲದಿದ್ದರೆ ನಾವು ಅಷ್ಟೊಂದು ಪ್ರಶ್ನೆ ಕೇಳುತ್ತಲೂ ಇರಲಿಲ್ಲ.

ಖರ್ಚಿನ ಲೆಕ್ಕ ಭಾವನದು. ಒಬ್ಬರಿಗೆ ಒಂದು ಹೊತ್ತಿಗೆ 20 ಡಾಲರ್, ಟ್ಯಾಕ್ಸ್, ಟಿಪ್ ಎಲ್ಲ ಸೇರಿ. ಕೇಳುವಾಗ ಧಾರಾಳ ಅನ್ನಿಸುತ್ತದೆ. ಆದರೆ ಅಲ್ಲಿ ಊಟದ ಮೇಲೆ ಟ್ಯಾಕ್ಸ್ ಹತ್ತತ್ತಿರ 10 ಪರ್ಸೆಂಟ್. ಟೇಬಲ್ಲಿಗೆ ತಂದುಕೊಡುವ ಕಡೆ ಟಿಪ್ 20 ಪರ್ಸೆಂಟ್. ಮೆನುವಿನಲ್ಲಿ 18 ಡಾಲರ್ ಅಂತ ಇದ್ದದ್ದು ಎದ್ದು ಬರುವಾಗ 23 ದಾಟಿರುತ್ತದೆ. ಹಾಗಾಗಿ ನಮಗೆ ಬೇಕಾಗಿದ್ದು ಮೆನುವಿನಲ್ಲಿ 15 ಡಾಲರ್ ಆಸುಪಾಸಿನ ಊಟ. ಇಲ್ಲವೇ ಕೌಂಟರಿನಲ್ಲಿ ನಾವೇ ತೆಗೆದುಕೊಳ್ಳುವಂಥ ಜಾಗ. ಅಲ್ಲಿ ಟಿಪ್ಪಿನ ಭಾರ ಕಡಿಮೆ.

ಲೂಸಿಯಾನಾದ ಅಡುಗೆಯಲ್ಲಿ ಕೇಜನ್, ಕ್ರಿಯೋಲ್ ಅಂತ ಎರಡು ಬಗೆ. ಎರಡೂ ಒಂದೇ ಅಂತ ನಾನು ಅಂದುಕೊಂಡಿದ್ದೆ. ಭಾವ ಕಾರು ಓಡಿಸುತ್ತಲೇ ಪಾಠ ಮಾಡಿದರು. ಕೆನಡಾದ ಕಡಲತೀರದಲ್ಲಿ, ಈಗ ನೋವಾ ಸ್ಕೋಷಿಯಾ ಅನ್ನುವ ಕಡೆ, ಅಕೇಡಿಯಾ ಅಂತ ಫ್ರೆಂಚರ ವಸಾಹತು ಇತ್ತು. 1755ರಿಂದ ಬ್ರಿಟಿಷರು ಅಲ್ಲಿನ ಜನರನ್ನು ಹಡಗಿಗೆ ತುಂಬಿ ಹೊರದಬ್ಬಿದರು. ಅವರಲ್ಲಿ ಅನೇಕರು ಅಲೆದಾಡಿ ಕೊನೆಗೆ ಲೂಸಿಯಾನಾದ ಜೌಗು ನಾಡಿನಲ್ಲಿ ನೆಲೆ ನಿಂತರು. ಅವರೇ ಕೇಜನ್ನರು. ಹಳ್ಳಿ ಜನ. ಹಂದಿ, ಅಕ್ಕಿ, ಹೊಳೆಯಲ್ಲಿ ಸಿಕ್ಕಿದ್ದು, ಎಲ್ಲ ಒಂದೇ ಪಾತ್ರೆಗೆ. ಕ್ರಿಯೋಲ್ ಅಡುಗೆ ಪಟ್ಟಣದ್ದು. 1718ರಲ್ಲಿ ಫ್ರೆಂಚರು ಕಟ್ಟಿದ ನ್ಯೂ ಆರ್ಲಿಯನ್ಸ್, ಮಧ್ಯೆ ಸ್ಪೇನಿನವರ ಕೈಗೆ ಹೋಗಿ, 1803ರಲ್ಲಿ ಅಮೆರಿಕದ ಪಾಲಾಯಿತು. ಬಂದರಿಗೆ ಬಂದವರೆಲ್ಲ ಅಡುಗೆಮನೆಗೆ ಏನಾದರೂ ಕೊಟ್ಟರು. ಆದರೆ ಒಲೆಯ ಮುಂದೆ ನಿಂತವರು ಹೆಚ್ಚಾಗಿ ಆಫ್ರಿಕಾದಿಂದ ಗುಲಾಮರಾಗಿ ತಂದವರು, ಅವರ ಮಕ್ಕಳು. ಗಂಬೋ ಅನ್ನುವ ಇಲ್ಲಿನ ಗಟ್ಟಿ ಸಾರಿಗೆ ಬೀಳುವ ಬೆಂಡೆಕಾಯಿ ಅವರ ಜೊತೆಗೇ ಬಂದದ್ದು.

"ಅಂದ್ರೆ ನಾವು ಹೋಗ್ತಿರೋ ಊರಲ್ಲಿ ಕೇಜನ್ ಊಟ ಇಲ್ವಾ?" ಅಂತ ಕೇಳಿದೆ.

"ಉಂಟು ಮಾರಾಯ. ಆದ್ರೆ ಅಗ್ಗದ್ದು, ಅಸಲಿದು ಬೇಕಾದ್ರೆ ದಾರಿಯಲ್ಲೇ ತಿನ್ಬೇಕು. ಪೆಟ್ರೋಲ್ ಬಂಕಲ್ಲಿ."

ತಮಾಷೆ ಅಂದುಕೊಂಡೆ. ಅರ್ಧ ದಾರಿ ದಾಟಿದ ಮೇಲೆ, ಲಾಫಯೆಟ್‌ಗೆ ಸ್ವಲ್ಪ ಮುಂಚೆ ಸ್ಕಾಟ್ ಅನ್ನುವ ಸಣ್ಣ ಊರಲ್ಲಿ ಹೈವೇ ಇಳಿದರು. ಆ ಊರು ತನ್ನನ್ನು ಜಗತ್ತಿನ ಬೂಡಾನ್ ರಾಜಧಾನಿ ಅಂತ ಕರೆದುಕೊಳ್ಳುತ್ತದೆ. ಬೂಡಾನ್ ಅಂದರೆ ಬೇಯಿಸಿದ ಹಂದಿ ಮಾಂಸ, ಲಿವರ್, ಅನ್ನ, ಈರುಳ್ಳಿ ಹೂವು, ಖಾರ ಕಲಸಿ ಕರುಳಿಗೆ ತುಂಬಿ ಹಬೆಯಲ್ಲಿಡುವ ತಿಂಡಿ. ಬಂಕಿನ ಅಂಗಡಿಯೊಳಗೆ, ಚಿಪ್ಸ್ ಮತ್ತು ಎಂಜಿನ್ ಆಯಿಲ್ ಡಬ್ಬಗಳ ಪಕ್ಕದಲ್ಲೇ, ಗಾಜಿನ ಪೆಟ್ಟಿಗೆಯಲ್ಲಿ ಬಿಸಿಬಿಸಿಯಾಗಿ ಇಟ್ಟಿದ್ದರು. ನನ್ನ ಬಾಯಲ್ಲಿ ನೀರು. ಅಕ್ಕ ಕೈ ಹಿಡಿದು ನಿಲ್ಲಿಸಿದಳು.

"ಇವತ್ತು ಶುಕ್ರವಾರ. ತಪಸ್ಸು ಕಾಲ. ಹಂದಿ ಮುಟ್ಟಿದ್ರೆ ಅಮ್ಮನಿಗೆ ಫೋನ್ ಮಾಡ್ತೇನೆ."

ನಾವು ಕ್ಯಾಥೊಲಿಕ್ ಕ್ರೈಸ್ತರು. ತಪಸ್ಸು ಕಾಲ ಅಂದರೆ ಈಸ್ಟರ್‌ಗೆ ಮುಂಚಿನ ವ್ರತದ ದಿನಗಳು. ಆಗಿನ ಶುಕ್ರವಾರಗಳಲ್ಲಿ ನಮ್ಮ ಮನೆಯಲ್ಲಿ ಮಾಂಸ ಇಲ್ಲ, ಮೀನು ಆಗುತ್ತದೆ. ಕೌಂಟರಿನ ಹೆಂಗಸಿಗೆ ಭಾಷೆ ತಿಳಿಯದಿದ್ದರೂ ಅಕ್ಕನ ಮುಖ ಅರ್ಥವಾಯಿತು. ಏನೂ ಕೇಳದೆ ಪಕ್ಕದ ತಟ್ಟೆ ತೋರಿಸಿದಳು: ಕ್ರಾಫಿಶ್ ಬೂಡಾನ್. ಕ್ರಾಫಿಶ್ ಅಂದರೆ ಸಿಹಿನೀರಿನಲ್ಲಿರುವ, ಸಿಗಡಿಯಂಥ ಜೀವಿ. ಈ ಸೀಮೆಯ ಜನರೂ ಕ್ಯಾಥೊಲಿಕರೇ. ಶುಕ್ರವಾರಕ್ಕೆ ಅಂತಲೇ ಬೇರೆ ಮಾಡಿಟ್ಟಿರುತ್ತಾರೆ. ಕಾರಿನ ಬಾನೆಟ್ ಮೇಲೆ ಕಾಗದ ಹಾಸಿ, ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಒಳಗಿನದನ್ನು ಹಿಂಡಿ ತಿಂದೆವು. ಸಿಪ್ಪೆ ಬಿಸಾಕಬೇಕು, ಜಗಿಯಬಾರದು. ಮೂರು ಜನಕ್ಕೆ 15 ಡಾಲರ್ ಕೂಡ ಆಗಲಿಲ್ಲ. ದಾವಣಗೆರೆಯವರು ಕಾರಿನಲ್ಲೇ ಕೂತು ಮಂಡಕ್ಕಿ ತಿಂದರು. ಮನೆಯಿಂದ ದೊಡ್ಡ ಡಬ್ಬಿ ತಂದಿದ್ದರು, ಬುದ್ಧಿವಂತರು.

ಅಲ್ಲಿಂದ ಮುಂದೆ ಅಚಾಫಲಾಯ ಜೌಗಿನ ಮೇಲೆ 29 ಕಿಲೋಮೀಟರ್ ಉದ್ದದ ಸೇತುವೆ. ನೀರಲ್ಲಿ ನಿಂತ ಮರಗಳನ್ನು ನೋಡುತ್ತಾ ಹೋದರೆ ಮುಗಿಯುವುದೇ ಇಲ್ಲ.

ಉಳಿಯಲು ಭಾವ ಮಿಡ್-ಸಿಟಿಯಲ್ಲಿ ರೂಮ್ ಮಾಡಿದ್ದರು. ಪ್ರವಾಸಿಗರೆಲ್ಲ ಸೇರುವ ಫ್ರೆಂಚ್ ಕ್ವಾರ್ಟರ್‌ನಿಂದ ದೂರ. ಅದರಿಂದ ಎರಡು ಲಾಭ ಆಯಿತು. ಕಾರು ಪುಕ್ಕಟೆ ನಿಂತಿತು. ಕ್ವಾರ್ಟರ್‌ನಲ್ಲಿ ಪಾರ್ಕಿಂಗಿಗೆ ಕೊಡುವ ದುಡ್ಡಲ್ಲಿ ಎರಡು ಊಟ ಆಗುತ್ತದೆ. ಎರಡನೆಯದಾಗಿ, ಕೆನಾಲ್ ಸ್ಟ್ರೀಟಿನ ಕೆಂಪು ಸ್ಟ್ರೀಟ್‌ಕಾರ್, ಅಂದರೆ ಟ್ರಾಮ್, ಹತ್ತಿರದಲ್ಲೇ ಇತ್ತು. ಒಂದು ಸಲಕ್ಕೆ 1.25 ಡಾಲರ್, ಇಡೀ ದಿನದ ಪಾಸ್‌ಗೆ 3 ಡಾಲರ್. ಊರಿನವರು ಕೆಲಸಕ್ಕೆ ಹೋಗುವುದೂ ಇದರಲ್ಲೇ. ಹಾಗಾಗಿ ಊಟದ ಬಗ್ಗೆ ವಿಚಾರಿಸಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಶುಕ್ರವಾರದ ರಾತ್ರಿ ಊಟ ಹೋಟೆಲಿನಲ್ಲಿ ಆಗಲಿಲ್ಲ, ಇಗರ್ಜಿಯ ಅಂಗಳದಲ್ಲಿ ಆಯಿತು. ತಪಸ್ಸು ಕಾಲದ ಶುಕ್ರವಾರಗಳಲ್ಲಿ ಊರಿನ ಎಷ್ಟೋ ಇಗರ್ಜಿಗಳು ಫಿಶ್ ಫ್ರೈ ಇಡುತ್ತವೆ. ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಕ್ಯಾಟ್‌ಫಿಶ್, ಆಲೂಗಡ್ಡೆ ಸಲಾಡ್, ಮ್ಯಾಕರೋನಿ-ಚೀಸ್, ಒಂದು ತುಂಡು ಕೇಕ್. ಎಲ್ಲ ಸೇರಿ ಹನ್ನೆರಡು ಡಾಲರ್ ಹತ್ತಿರ. ಕರಿಯುವವರು, ಬಡಿಸುವವರು ಎಲ್ಲ ಅಲ್ಲಿನ ಜನರೇ. ದುಡ್ಡು ಇಗರ್ಜಿಗೆ, ಶಾಲೆಗೆ ಹೋಗುತ್ತದೆ. ಸಾಲಿನಲ್ಲಿ ನಿಂತಿದ್ದಾಗ ಮುಂದಿದ್ದ ಅಜ್ಜ ಒಬ್ಬರು, ಇಲ್ಲಿ ಶುಕ್ರವಾರ ಮೊಸಳೆಯನ್ನೂ ತಿನ್ನಬಹುದು ಅಂದರು. ನಾವು ನಕ್ಕೆವು. ಆಮೇಲೆ ನೋಡಿದರೆ ನಿಜವೇ. 2010ರಲ್ಲಿ ಇಲ್ಲಿನ ಆರ್ಚ್‌ಬಿಷಪ್ಪರೇ ಪತ್ರ ಬರೆದು, ಲೂಸಿಯಾನಾದ ಆಲಿಗೇಟರ್ ಮೀನಿನ ಲೆಕ್ಕಕ್ಕೆ ಸೇರುತ್ತದೆ ಅಂತ ತಿಳಿಸಿದ್ದಾರೆ. ಮಂಗಳೂರಿನ ಯಾವ ಬಿಷಪ್ಪರಿಗೂ ಇಂಥ ತೊಂದರೆ ಬಂದಿರಲಾರದು. ದಾವಣಗೆರೆಯವರಿಗೂ ಅಲ್ಲಿ ಮ್ಯಾಕರೋನಿ ಸಿಕ್ಕಿತು. ಅಂದಹಾಗೆ, ಮಾರ್ಚ್ 19ರ ಸಂತ ಜೋಸೆಫರ ಹಬ್ಬದ ಹೊತ್ತಿಗೆ ಹೋದರೆ ಸಿಸಿಲಿಯಿಂದ ಬಂದ ಮನೆತನಗಳು, ಇಗರ್ಜಿಗಳು ರೊಟ್ಟಿ, ತಿಂಡಿಗಳ ದೊಡ್ಡ ಪೀಠ ಕಟ್ಟಿ ಬಂದವರಿಗೆಲ್ಲ ಊಟ ಹಾಕುವುದೂ ಉಂಟು.

ಶನಿವಾರ ಫ್ರೆಂಚ್ ಕ್ವಾರ್ಟರ್. ಕಬ್ಬಿಣದ ಜಾಲರಿಯ ಬಾಲ್ಕನಿ, ರಸ್ತೆಯಲ್ಲಿ ತುತ್ತೂರಿ, ಎಲ್ಲ ಚೆಂದ. ಊಟ ಮಾತ್ರ ಎಚ್ಚರ. ಆಂಟ್ವಾನ್ಸ್ 1840ರದ್ದು, ಗ್ಯಾಲಟ್ವಾರ್ಸ್ 1905ರದ್ದು, ಇವೆಲ್ಲ ಹಳೇ ಕ್ರಿಯೋಲ್ ಹೋಟೆಲುಗಳು. ಬೆಲೆಯೂ ಹಾಗೆಯೇ. ನಮ್ಮ ಲೆಕ್ಕಕ್ಕೆ ಬರುವಂಥವಲ್ಲ. ಅವುಗಳ ಕೆಳಗೆ ಇನ್ನೊಂದು ಜಾತಿ ಉಂಟು. ಬಾಗಿಲಲ್ಲಿ ದೊಡ್ಡ ಬೋರ್ಡ್, ಅದರಲ್ಲಿ ಗಂಬೋ, ಜಂಬಲಾಯ (ಮಾಂಸ, ಮಸಾಲೆ ಹಾಕಿ ಮಾಡುವ ಅನ್ನ), ಪಾಸ್ತಾ, ಬರ್ಗರ್ ಎಲ್ಲದರ ಫೋಟೋ, ಒಳಗೆ ಕರೆಯಲು ಒಬ್ಬ ಹುಡುಗ. ಹೆಸರು ಬೇಡ. ಹೊಟ್ಟೆ ಹಸಿದಿತ್ತು, ಬಿಸಿಲು ಏರಿತ್ತು, ಕೂತೆವು. ಬಂದ ಗಂಬೋ ತೆಳ್ಳಗೆ, ಹಿಟ್ಟಿನ ವಾಸನೆ. ಕಪ್‌ಗೆ ಕೊಟ್ಟ ದುಡ್ಡು ಮಾತ್ರ ಗಟ್ಟಿ.

ಗಂಬೋದ ಜೀವ ಇರುವುದು ರೂನಲ್ಲಿ. ಎಣ್ಣೆಗೆ ಮೈದಾ ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸಬೇಕು. ಬಿಳಿ ಹೋಗಿ ಹೊಂಬಣ್ಣ ಬರುತ್ತದೆ, ಆಮೇಲೆ ಕಂದು, ಆಮೇಲೆ ಚಾಕಲೇಟ್ ಬಣ್ಣ. ಕೇಜನ್ನರು ಇನ್ನೂ ಕಪ್ಪಗೆ ಹೋಗುವವರೆಗೆ ಬಿಡುತ್ತಾರೆ. ಮುಕ್ಕಾಲು ಗಂಟೆ ನಿಲ್ಲಬೇಕಾಗುತ್ತದೆ. ಒಂದು ಚುಕ್ಕೆ ಕರಟಿದರೂ ಇಡೀ ಪಾತ್ರೆ ಚೆಲ್ಲಬೇಕು. ಆಮೇಲೆ ಈರುಳ್ಳಿ, ಸೆಲರಿ, ದಪ್ಪ ಮೆಣಸಿನಕಾಯಿ. ಈ ಮೂರಕ್ಕೆ ಅಲ್ಲಿನವರು ಪವಿತ್ರ ತ್ರಿತ್ವ ಅನ್ನುತ್ತಾರೆ. ಗಟ್ಟಿಯಾಗಲು ಬೆಂಡೆಕಾಯಿ, ಇಲ್ಲವೇ ಸಾಸಫ್ರಾಸ್ ಮರದ ಎಲೆ ಒಣಗಿಸಿ ಕುಟ್ಟಿದ ಫೀಲೇ ಪುಡಿ. ಆ ಪುಡಿ ಇಲ್ಲಿನ ಮೂಲ ನಿವಾಸಿ ಚಾಕ್ಟಾ ಜನರದ್ದು. ಇಷ್ಟೆಲ್ಲ ಮಾಡಲು ಪುರುಸೊತ್ತು ಇಲ್ಲದವರು ಮೈದಾ ನೀರು ಕೊಡುತ್ತಾರೆ.

ಅಲ್ಲಿಂದ ಎದ್ದು ಬರುವಾಗ ಭಾವ ಪಾರ್ಕಿಂಗ್ ಲಾಟ್‌ನ ಕಾವಲುಗಾರನ ಹತ್ತಿರ ಹೋದರು. ಒಳ್ಳೆ ಹೋಟೆಲ್ ಯಾವುದು ಅಂತ ಕೇಳಲಿಲ್ಲ. ಆ ಪ್ರಶ್ನೆ ಕೇಳಿದರೆ ಯಾರಾದರೂ ಪ್ರವಾಸಿಗರ ಹೆಸರನ್ನೇ ಹೇಳುತ್ತಾರೆ. "ಡ್ಯೂಟಿ ಮುಗಿದ ಮೇಲೆ ನೀವು ಎಲ್ಲಿ ತಿಂತೀರಿ?" ಅಂತ ಕೇಳಿದರು.

ಆತ ಭಾವನನ್ನು ಮೇಲಿಂದ ಕೆಳಗೆ ನೋಡಿ, "ಬೇಬಿ, ನಿನಗೆ ಇಪ್ಪತ್ತೊಂದು ಆಗಿದೆಯಾ?" ಅಂದ.

ಭಾವನಿಗೆ ಐವತ್ತೆರಡು. ತಲೆ ಬೋಳು. ಈ ಊರಲ್ಲಿ ಎಲ್ಲರೂ ಎಲ್ಲರಿಗೂ ಬೇಬಿ. ಬಸ್ಸಿನವರು, ಅಂಗಡಿಯವರು, ಪೊಲೀಸರು ಕೂಡ. ಅಕ್ಕ ಆಮೇಲೆ ಇಡೀ ದಿನ ಭಾವನನ್ನು ಹಾಗೇ ಕರೆದು ಸತಾಯಿಸಿದಳು. ಆತ ವಯಸ್ಸು ಕೇಳಿದ್ದಕ್ಕೆ ಕಾರಣ ಇತ್ತು. ಅವನು ಹೇಳಿದ್ದು ಡಿಕೇಟರ್ ಸ್ಟ್ರೀಟಿನ ಕೂಪ್ಸ್ ಪ್ಲೇಸ್. ಅದು ಬಾರ್, ಒಳಗೆ ಜೂಜಿನ ಮಷಿನ್ ಉಂಟು, ಹಾಗಾಗಿ 21 ಆಗದವರನ್ನು ಒಳಗೆ ಬಿಡುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ನೆನಪಿಡಿ.

ಸಂಜೆ ಐದಕ್ಕೆ ಮುಂಚೆಯೇ ಹೋದೆವು. ಏಳು ಗಂಟೆಗೆ ಹೋಗಿದ್ದರೆ ಬೀದಿಯಲ್ಲಿ ಸಾಲು ನಿಲ್ಲಬೇಕಿತ್ತು. ಕತ್ತಲೆ, ಇಕ್ಕಟ್ಟು, ಮೇಜು ಸ್ವಲ್ಪ ಅಂಟು. ಮೊಲ ಮತ್ತು ಸಾಸೇಜಿನ ಜಂಬಲಾಯ ಬಂತು. ಅನ್ನದ ಒಂದೊಂದು ಅಗುಳೂ ಹೊಗೆಯ ವಾಸನೆ ಹೀರಿಕೊಂಡಿತ್ತು. ಕೇಜನ್ನರ ಜಂಬಲಾಯ ಕಂದು, ಟೊಮೆಟೊ ಹಾಕುವುದಿಲ್ಲ. ಕ್ರಿಯೋಲ್ ಜಂಬಲಾಯ ಕೆಂಪು. ಇಲ್ಲಿ ಗೆರೆ ಅಳಿಸಿಹೋಗಿದೆ, ಎರಡೂ ಒಂದೇ ಅಡುಗೆಮನೆಯಲ್ಲಿ. ಸ್ವಲ್ಪ ಸ್ವಲ್ಪ ಎಲ್ಲವನ್ನೂ ಹಾಕಿಕೊಡುವ ಒಂದು ತಟ್ಟೆಯೂ ಉಂಟು. ಮೊದಲ ಸಲ ಹೋಗುವವರು ಅದನ್ನೇ ತೆಗೆದುಕೊಂಡರೆ ಗಂಬೋ, ಬೀನ್ಸ್, ಜಂಬಲಾಯ ಒಂದೇ ದುಡ್ಡಿಗೆ ನೋಡಿದ ಹಾಗಾಗುತ್ತದೆ. ದಾವಣಗೆರೆಯವರು ಆ ಹೊತ್ತಿಗೆ ರೂಮಿನಲ್ಲಿ ಎಂಟಿಆರ್ ಉಪ್ಪಿಟ್ಟು ಮಾಡಿಕೊಂಡಿದ್ದರು.

ಕೇಜನ್ ಅಡುಗೆ ಈ ಪಟ್ಟಣಕ್ಕೆ ಬಂದು ಜಾಸ್ತಿ ಕಾಲ ಆಗಿಲ್ಲ. ಅದನ್ನು ಜಗತ್ತಿಗೇ ಹಬ್ಬಿಸಿದವರು ಒಪೆಲೂಸಸ್ ಕಡೆಯ ಪಾಲ್ ಪ್ರುಡೋಮ್. 1979ರಲ್ಲಿ ಕ್ವಾರ್ಟರ್‌ನಲ್ಲಿ ಕೆ-ಪಾಲ್ಸ್ ತೆರೆದು, ಮಸಾಲೆ ಸವರಿದ ರೆಡ್‌ಫಿಶ್ ಅನ್ನು ಕಾದ ಕಬ್ಬಿಣದ ಬಾಣಲೆಯಲ್ಲಿ ಕಪ್ಪಗೆ ಸುಟ್ಟು ಕೊಟ್ಟರು. ಆ ಮೀನಿನ ಹುಚ್ಚು ಎಷ್ಟು ಹತ್ತಿತೆಂದರೆ, 80ರ ದಶಕದಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಅದನ್ನು ಹಿಡಿಯುವುದಕ್ಕೇ ಸರ್ಕಾರ ಕಡಿವಾಣ ಹಾಕಬೇಕಾಯಿತು. ಪ್ರುಡೋಮ್ 2015ರಲ್ಲಿ ತೀರಿಕೊಂಡರು, ಹೋಟೆಲ್ 2020ರಲ್ಲಿ ಮುಚ್ಚಿತು. ಕೇಜನ್ ಅನ್ನುವ ಹಲಗೆ ಮಾತ್ರ ಈಗ ಕ್ವಾರ್ಟರ್‌ನ ಮೂಲೆ ಮೂಲೆಯಲ್ಲೂ ಉಂಟು. ಹಲಗೆ ನೋಡಿ ಒಳಗೆ ಹೋಗಬೇಡಿ, ಅಷ್ಟೇ.

ಭಾನುವಾರ ಪೂಜೆ ಮುಗಿಸಿ ಸ್ಟ್ರೀಟ್‌ಕಾರ್ ಹತ್ತಿ ಸಿಟಿ ಪಾರ್ಕ್‌ಗೆ ಹೋದೆವು. ಕೆಫೆ ಡು ಮಾಂಡ್ 1862ರಿಂದ ಫ್ರೆಂಚ್ ಮಾರ್ಕೆಟ್‌ನಲ್ಲಿದೆ, ಅಲ್ಲಿ ಸಾಲು ರಸ್ತೆಯವರೆಗೆ. ಅದರದೇ ಶಾಖೆ ಈ ಪಾರ್ಕಿನಲ್ಲೂ ಉಂಟು, ದೊಡ್ಡ ಮರಗಳ ನೆರಳು, ಕೂರಲು ಜಾಗ. ಬೆನ್ಯೇ ಅಂದರೆ ಚೌಕಾಕಾರದ ಹಿಟ್ಟು ಕರಿದು ಮೇಲೆ ಸಕ್ಕರೆ ಪುಡಿ ಸುರಿದದ್ದು. ತಟ್ಟೆಗೆ ಮೂರು. ತಿನ್ನುವಾಗ ಉಸಿರು ಬಿಡಬಾರದು, ಬಿಟ್ಟರೆ ಎದುರಿನವರ ಅಂಗಿ ಬಿಳಿ. ಕಾಫಿಗೆ ಚಿಕೋರಿ ಹಾಕುತ್ತಾರೆ. ಅಂತರ್ಯುದ್ಧದ ಕಾಲದಲ್ಲಿ ಬಂದರು ಬಂದ್ ಆಗಿ ಕಾಫಿ ಸಿಗದಿದ್ದಾಗ ಚಿಕೋರಿ ಬೆರೆಸುವುದು ಇಲ್ಲಿ ಗಟ್ಟಿಯಾಯಿತಂತೆ. ದಾವಣಗೆರೆಯವರು ಒಂದು ಗುಟುಕು ಕುಡಿದು ಮೊದಲ ಸಲ ಆರಾಮಾಗಿ ಕೂತರು.

"ನೋಡ್ರೀ, ಇದು ನಮ್ಮನಿ ಕಾಫಿನ. ಚಿಕೋರಿ ಒಂಚೂರು ಜಾಸ್ತಿ ಅಷ್ಟ."

ಮಧ್ಯಾಹ್ನ ಅಲ್ಲಿಂದ ಬೇಯೂ ಸೇಂಟ್ ಜಾನ್ ಕಾಲುವೆ ದಡದಲ್ಲಿ ನಡೆದು ಪಾರ್ಕ್‌ವೇ ಅನ್ನುವ ಅಂಗಡಿಗೆ ಹೋದೆವು. 1911ರಲ್ಲಿ ಬೇಕರಿಯಾಗಿ ಶುರುವಾದದ್ದು, ಈಗ ಪೋಬಾಯ್ ಅನ್ನುವ ಉದ್ದ ಬ್ರೆಡ್ಡಿನ ಸ್ಯಾಂಡ್‌ವಿಚ್‌ಗೆ ಹೆಸರುವಾಸಿ. 2005ರ ಕತ್ರೀನಾದಲ್ಲಿ ಮುಳುಗಿ ಮತ್ತೆ ಎದ್ದಿತು. ಆ ಚಂಡಮಾರುತಕ್ಕೆ ಐದು ವರ್ಷ ತುಂಬಿದ ದಿನ ಒಬಾಮಾ ಇಲ್ಲಿಗೆ ಬಂದು ತಿಂದಿದ್ದರು. ಪೋಬಾಯ್‌ನ ಕಥೆಯೇ ಬಡವರದ್ದು. 1929ರಲ್ಲಿ ಸ್ಟ್ರೀಟ್‌ಕಾರ್ ನೌಕರರು ಮುಷ್ಕರ ಹೂಡಿದರು. ಹಿಂದೆ ಅದೇ ಕೆಲಸದಲ್ಲಿದ್ದ ಮಾರ್ಟಿನ್ ಸಹೋದರರು ಆ ಹೊತ್ತಿಗೆ ಹೋಟೆಲ್ ಇಟ್ಟಿದ್ದರು. ಮುಷ್ಕರದವರಿಗೆ ಪುಕ್ಕಟೆ ಸ್ಯಾಂಡ್‌ವಿಚ್ ಕೊಡುತ್ತೇವೆ ಅಂದರು. ಅವರು ಒಬ್ಬೊಬ್ಬರಾಗಿ ಬರುವಾಗ, ಇಗೋ ಇನ್ನೊಬ್ಬ ಪಾಪದ ಹುಡುಗ (ಪೂರ್ ಬಾಯ್) ಬಂದ ಅನ್ನುತ್ತಿದ್ದರಂತೆ, ಹೆಸರು ಹಾಗೇ ನಿಂತಿತು.

ಬ್ರೆಡ್ಡೇ ಇದರ ಗುಟ್ಟು. ಹೊರಗೆ ತೆಳ್ಳಗೆ ಗರಿಗರಿ, ಒಳಗೆ ಹತ್ತಿ. ಕಚ್ಚಿದರೆ ಚೂರುಗಳು ಮಡಿಲ ತುಂಬ ಬೀಳಬೇಕು. ಒಳಗೆ ಕರಿದ ಸಿಗಡಿ, ಸಿಂಪಿ, ಕ್ಯಾಟ್‌ಫಿಶ್ ಅಥವಾ ಗ್ರೇವಿಯಲ್ಲಿ ಕರಗಿದ ದನದ ಮಾಂಸ. ಡ್ರೆಸ್ಡ್ ಅಂದರೆ ಲೆಟಿಸ್, ಟೊಮೆಟೊ, ಉಪ್ಪಿನಲ್ಲಿ ನೆನೆಸಿದ ಸೌತೆ, ಮೇಯೊನೀಸ್ ಸೇರುತ್ತದೆ. ಕೌಂಟರಿನಲ್ಲಿ ಹೇಳಿ, ಹೆಸರು ಕೂಗಿದಾಗ ತರಬೇಕು. ಸಣ್ಣದು ಒಬ್ಬರಿಗೆ ಧಾರಾಳ. ದೊಡ್ಡದೊಂದನ್ನು ತೆಗೆದುಕೊಂಡು ಇಬ್ಬರು ಹಂಚಿಕೊಂಡರೆ ಇನ್ನೂ ಅಗ್ಗ. ನಾನು, ಅಕ್ಕ ಹಾಗೇ ಮಾಡಿದೆವು. ಒಂದು ಮಾತು: ಇಂಥ ಅಂಗಡಿಗಳು ವಾರದ ಮೊದಲಲ್ಲಿ ಬಾಗಿಲು ಹಾಕುವುದುಂಟು, ಸಂಜೆ ಬೇಗ ಮುಚ್ಚುವುದೂ ಉಂಟು. ಹೋಗುವ ಮುಂಚೆ ಫೋನ್ ಮಾಡಿ.

ದಾವಣಗೆರೆಯವರ ಅದೃಷ್ಟ ಖುಲಾಯಿಸಿದ್ದೂ ಇಲ್ಲೇ. ಆಲೂಗಡ್ಡೆ ಪೋಬಾಯ್ ಅಂತ ಒಂದುಂಟು. ಕರಿದ ಆಲೂಗಡ್ಡೆಯನ್ನು ಬ್ರೆಡ್ಡಿಗೆ ತುಂಬಿ ಮೇಲೆ ದನದ ಮಾಂಸದ ಗ್ರೇವಿ ಹೊಯ್ಯುವುದು. ಕಷ್ಟಕಾಲದ ಅಗ್ಗದ ತಿಂಡಿ. ಭಾವ ಕೌಂಟರಿನಲ್ಲಿ ವಿವರಿಸಿದರು: ಗ್ರೇವಿ ಬೇಡ, ಮೇಯೊನೀಸ್ ಬೇಡ, ಚೀಸ್ ಹಾಕಿ, ಸೌತೆ, ಟೊಮೆಟೊ ಜಾಸ್ತಿ ಹಾಕಿ. ಆ ಹುಡುಗಿ ಒಂದು ಕ್ಷಣ ಪೆನ್ ನಿಲ್ಲಿಸಿ, "ಬೇಬಿ, ಗ್ರೇವಿ ಇಲ್ಲದೆ?" ಅಂದಳು. ಪಾಪ, ಅವಳಿಗೆ ನಿಜವಾಗಲೂ ಬೇಜಾರಾಗಿತ್ತು. ಅವರು ಅದರ ಮೇಲೆ ಲೂಸಿಯಾನಾದ ಕೆಂಪು ಖಾರದ ನೀರು ಸುರಿದುಕೊಂಡು ಪೂರ್ತಿ ಮುಗಿಸಿದರು. ಕರಿಯುವ ಎಣ್ಣೆ ಬೇರೆಯೋ ಅಂತ ಮೊದಲೇ ಕೇಳಿಕೊಂಡಿದ್ದರು. ಸಸ್ಯಾಹಾರಿಗಳು ಈ ಊರಲ್ಲಿ ಎಲ್ಲೇ ಹೋಗಲಿ, ಎರಡು ಪ್ರಶ್ನೆ ಕೇಳಲೇಬೇಕು: ಎಣ್ಣೆ ಯಾವುದು, ಸಾರಿಗೆ ಯಾವ ಮೂಳೆ. ಸೊಪ್ಪು, ಬೀನ್ಸ್, ಕೋಸು ಎಲ್ಲದರಲ್ಲೂ ಹಂದಿಯ ಚೂರು ಇದ್ದೇ ಇರುತ್ತದೆ. ಮೆನುವಿನಲ್ಲಿ ಬರೆದಿರುವುದಿಲ್ಲ, ಯಾಕೆಂದರೆ ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ, ಒಗ್ಗರಣೆ.

ಸಂಜೆ ಕ್ರಾಫಿಶ್. ಚಳಿಗಾಲದ ಕೊನೆಯಿಂದ ಜೂನ್ ತನಕ ಇದರ ಕಾಲ. ಹೋಟೆಲಿನಲ್ಲಿ ಕೂತು ತಿಂದರೆ ದುಬಾರಿ. ಮೀನಿನ ಅಂಗಡಿಗಳಲ್ಲಿ ಬೇಯಿಸಿದ್ದನ್ನೇ ಪೌಂಡ್ ಲೆಕ್ಕದಲ್ಲಿ ಚೀಲಕ್ಕೆ ಹಾಕಿ ಕೊಡುತ್ತಾರೆ. ಬೆಲೆ ದಿನದಿನಕ್ಕೂ ಬದಲು, ಹಲಗೆಯಲ್ಲಿ ಸೀಮೆಸುಣ್ಣದಲ್ಲಿ ಬರೆದಿರುತ್ತದೆ. ಒಬ್ಬರಿಗೆ ಮೂರು ಪೌಂಡ್ ಅಂದಾಗ ಗಾಬರಿಯಾಯಿತು. ಬಿಡಿಸಿದ ಮೇಲೆ ಗೊತ್ತಾಯಿತು, ಬಾಲದೊಳಗೆ ಬೆರಳ ತುದಿಯಷ್ಟು ಮಾಂಸ. ತಲೆ ತಿರುಚಿ ತೆಗೆದು, ಬಾಲದ ಬುಡ ಒತ್ತಿ ಎಳೆಯಬೇಕು. ತಲೆಯೊಳಗಿನ ಹಳದಿ ರಸ ಹೀರಬೇಕು. ಅಕ್ಕನಿಗೆ ಹೇಳಿಕೊಡುವುದೇ ಬೇಕಾಗಲಿಲ್ಲ. ಅವಳು ಸಿಗಡಿ ಬಿಡಿಸುತ್ತಾ ಬೆಳೆದವಳು. ಭಾವ ಒಂದು ಬಿಡಿಸುವಾಗ ಅವಳು ಐದು ಮುಗಿಸಿದ್ದಳು. ಚೀಲದೊಳಗೆ ಜೋಳದ ತೆನೆ, ಆಲೂಗಡ್ಡೆ, ಇಡೀ ಬೆಳ್ಳುಳ್ಳಿ ಗಡ್ಡೆಗಳೂ ಇದ್ದವು, ಖಾರ ಹೀರಿ ಕೆಂಪಾಗಿದ್ದವು. ಪಾರ್ಕಿನ ಬೆಂಚಿನ ಮೇಲೆ ಪೇಪರ್ ಹಾಸಿ ತಿಂದೆವು. ತುಟಿ ರಾತ್ರಿಯವರೆಗೂ ಉರಿಯಿತು. ಈ ಕ್ರಾಫಿಶ್ ಹೆಚ್ಚಿನದು ಬರುವುದು ಭತ್ತದ ಗದ್ದೆಯಿಂದ. ಕೊಯ್ಲಾದ ಮೇಲೆ ಗದ್ದೆಗೆ ನೀರು ನಿಲ್ಲಿಸಿ ಬೆಳೆಸುತ್ತಾರೆ. ನಮ್ಮ ಕುಮಟಾ ಕಡೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಮುಗಿದ ಮೇಲೆ ಸಿಗಡಿ ಹಿಡಿಯುವ ಹಾಗೆಯೇ.

ಸೋಮವಾರಕ್ಕೆ ನಾನು ಕಾದಿದ್ದೆ. ಹಿಂದಿನ ಕಾಲದಲ್ಲಿ ಸೋಮವಾರ ಬಟ್ಟೆ ಒಗೆಯುವ ದಿನ. ಒಲೆ ಮುಂದೆ ನಿಲ್ಲಲು ಪುರುಸೊತ್ತಿಲ್ಲ. ಭಾನುವಾರದ ಊಟದ ಹಂದಿ ಮೂಳೆ ಉಳಿದಿರುತ್ತದೆ. ಅದಕ್ಕೆ ನೆನೆಸಿದ ಕೆಂಪು ಬೀನ್ಸ್ ಹಾಕಿ ಸಣ್ಣ ಉರಿಯಲ್ಲಿ ಬಿಟ್ಟರೆ ಬಟ್ಟೆ ಮುಗಿಯುವ ಹೊತ್ತಿಗೆ ಅದೂ ಬೆಂದಿರುತ್ತದೆ. ಈಗ ಎಲ್ಲರ ಮನೆಯಲ್ಲೂ ವಾಷಿಂಗ್ ಮಷಿನ್ ಇದ್ದರೂ ಸೋಮವಾರದ ಬೀನ್ಸ್ ತಪ್ಪಿಲ್ಲ. ಈ ಊರಲ್ಲಿ ಹುಟ್ಟಿದ ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಪತ್ರದ ಕೊನೆಗೆ ಸಹಿ ಹಾಕುವಾಗಲೂ ಕೆಂಪು ಬೀನ್ಸ್-ಅನ್ನದ ಹೆಸರು ಸೇರಿಸುತ್ತಿದ್ದರು. ಇದು ಹೋಟೆಲಿನಲ್ಲಿ ಅಗ್ಗ, ಯಾಕೆಂದರೆ ದೊಡ್ಡ ಪಾತ್ರೆಯಲ್ಲಿ ಒಂದೇ ಸಲ ಆಗುವ ಅಡುಗೆ.

ಕೆನಾಲ್ ಸ್ಟ್ರೀಟಿನಲ್ಲೇ ಮ್ಯಾಂಡೀನಾಸ್ ಉಂಟು, 1932ರದ್ದು, ಗುಲಾಬಿ ಬಣ್ಣದ ಮನೆ. ಕ್ರಿಯೋಲ್ ಅಡುಗೆಗೆ ಇಟಲಿಯ ಕೈ ತಾಗಿದ ಜಾಗ. ದಿನಕ್ಕೊಂದು ಸ್ಪೆಷಲ್ ಇರುತ್ತದೆ. ಹನ್ನೊಂದೂವರೆಗೆ ಹೋದರೆ ಮೇಜು ಸಿಗುತ್ತದೆ, ಹನ್ನೆರಡಕ್ಕೆ ಆಫೀಸಿನವರು ನುಗ್ಗುತ್ತಾರೆ. ಬೀನ್ಸ್ ಬಂತು. ಅರ್ಧ ಕಾಳು ಕಾಳಾಗಿಯೇ ಇತ್ತು, ಇನ್ನರ್ಧ ಕರಗಿ ಬೆಣ್ಣೆ. ಅನ್ನದ ಅಂಚಿಗೆ ನಿಧಾನಕ್ಕೆ ಹರಿಯುವಷ್ಟು ಹದ. ಮೇಲೊಂದು ಸಾಸೇಜ್. ಮೇಜಿನ ಮೇಲಿದ್ದ ಖಾರದ ಬಾಟಲಿಯಿಂದ ನಾಲ್ಕು ಹನಿ ಬಿಟ್ಟು ತಿಂದೆ. ಈ ಪ್ರವಾಸದಲ್ಲಿ ನಾನು ತಿಂದದ್ದರಲ್ಲಿ ಇದೇ ಮೇಲು. ಗಂಬೋದವರು ಜಗಳಕ್ಕೆ ಬಂದರೂ ಸರಿ. ದಾವಣಗೆರೆಯವರಿಗೆ ಬಳೆಯಾಕಾರದ ಈರುಳ್ಳಿ ಬಜ್ಜಿ ಒಂದು ಗುಡ್ಡೆ ಸಿಕ್ಕಿತು. ಹೊರಗೆ ಬರುವಾಗ ಬಿಲ್ ನೋಡಿ ಭಾವನ ಮುಖ ಅರಳಿತು.

ಮಂಗಳವಾರ ಹೊರಡುವ ದಿನ. ಟ್ರೆಮೇ ಅನ್ನುವ ಬಡಾವಣೆಯಲ್ಲಿರುವ ಡೂಕಿ ಚೇಸ್ ಹೋಟೆಲಿಗೆ ಮಧ್ಯಾಹ್ನ ಹೋದೆವು. ಇದು ನಮ್ಮ 20 ಡಾಲರ್ ಗೆರೆ ದಾಟಿತು, ಗೊತ್ತಿದ್ದೇ ಹೋದದ್ದು. ರಾತ್ರಿಯ ಬದಲು ಮಧ್ಯಾಹ್ನ ಹೋದದ್ದರಿಂದ ಸ್ವಲ್ಪವೇ ದಾಟಿತು. 1941ರಲ್ಲಿ ಸಣ್ಣ ಸ್ಯಾಂಡ್‌ವಿಚ್ ಅಂಗಡಿಯಾಗಿ ಶುರುವಾಗಿತ್ತು. ಸೊಸೆಯಾಗಿ ಬಂದ ಲೀಯಾ ಚೇಸ್ ಅದನ್ನು ಬಿಳಿ ಮೇಜುಬಟ್ಟೆಯ ಹೋಟೆಲ್ ಮಾಡಿದರು. ಕರಿಯರು, ಬಿಳಿಯರು ಒಟ್ಟಿಗೆ ಕೂತು ತಿನ್ನುವುದು ಕಾನೂನಿಗೆ ವಿರುದ್ಧವಾಗಿದ್ದ ಕಾಲದಲ್ಲಿ ಇಲ್ಲಿನ ಮಹಡಿ ಕೋಣೆಯಲ್ಲಿ ಹೋರಾಟಗಾರರು ಒಟ್ಟಿಗೆ ಗಂಬೋ ಉಂಡು ಸಭೆ ಮಾಡಿದ್ದರು. ಗೋಡೆ ತುಂಬ ಕರಿಯ ಕಲಾವಿದರ ಚಿತ್ರಗಳು. ಒಬಾಮಾ ಗಂಬೋಗೆ ಖಾರದ ಸಾಸ್ ಹಾಕಿದಾಗ ಲೀಯಾ ಬೈದದ್ದು ಊರಿಗೆಲ್ಲ ಗೊತ್ತು. ಅವರು 2019ರಲ್ಲಿ ತೀರಿಕೊಂಡರು, ಮನೆಯವರು ನಡೆಸುತ್ತಿದ್ದಾರೆ. ನಾನು ಸಾಸ್ ಬಾಟಲಿ ಮುಟ್ಟಲಿಲ್ಲ. ಮುಟ್ಟಬೇಕಾಗಿಯೂ ಇರಲಿಲ್ಲ. ಏಡಿ, ಸಿಗಡಿ, ಸಾಸೇಜ್ ಎಲ್ಲದರ ರಸ ಆ ಕಪ್‌ನಲ್ಲಿತ್ತು. ಶನಿವಾರದ ಮೈದಾ ನೀರಿಗೂ ಇದಕ್ಕೂ ಬೆಲೆಯಲ್ಲಿ ವ್ಯತ್ಯಾಸ ಬಹಳ ಕಡಿಮೆ, ಅದೇ ಸಿಟ್ಟು.

ಹೊರಡುವ ಮುಂಚೆ ಒಂದು ಸೂಪರ್‌ಮಾರ್ಕೆಟ್‌ಗೆ ನುಗ್ಗಿದೆವು. ಉಡುಗೊರೆ ಅಂಗಡಿಗಳಲ್ಲಿ ಚೆಂದದ ಪೊಟ್ಟಣದಲ್ಲಿ ಮಾರುವ ಕೆಂಪು ಬೀನ್ಸ್, ಫೀಲೇ ಪುಡಿ, ಖಾರದ ಸಾಸ್ ಎಲ್ಲ ಅಲ್ಲಿ ಊರಿನವರು ಕೊಡುವ ಬೆಲೆಗೆ ಸಿಗುತ್ತದೆ. ದಾವಣಗೆರೆಯವರು ಹಳದಿ ಡಬ್ಬಿಯ ಚಿಕೋರಿ ಕಾಫಿಪುಡಿ ಎರಡು ತೆಗೆದುಕೊಂಡರು. ಹ್ಯೂಸ್ಟನ್‌ನಲ್ಲಿ ಅಕ್ಕ ಅದನ್ನು ಚಿಕ್ಕಮಗಳೂರು ಪುಡಿಯ ಜೊತೆ ಅರ್ಧಕ್ಕರ್ಧ ಬೆರೆಸಿ ಫಿಲ್ಟರಿಗೆ ಹಾಕಿದಳು. ಕಹಿ ಜಾಸ್ತಿಯಾಯಿತು. ಮೂರು ಚಮಚ ನಮ್ಮದಕ್ಕೆ ಒಂದು ಚಮಚ ಅವರದು ಸಾಕು.